ಕಾಲು ಕೆಳಕ್ಕೆ ಮಡಗಬಾರ್ದಾಗಿತ್ತಾ?

ಹೋದ ತಿಂಗಳು ಒಂದು ಬೆಳಿಗ್ಗೆ ಮೈಸೂರಿನ ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಸೈಕಲ್ಲಿನಿಂದ ಬಿದ್ದೆ. ಯಾರೂ ಗುದ್ದಲಿಲ್ಲ, ರಸ್ತೆಯಲ್ಲಿ ಗುಂಡಿ ಇರಲಿಲ್ಲ, ಮಳೆಯೂ ಬಂದಿರಲಿಲ್ಲ. ಕೆಂಪು ದೀಪ ಕಂಡಿತು, ಬ್ರೇಕು ಹಿಡಿದೆ, ಸೈಕಲ್ಲು ನಿಂತಿತು. ನಿಂತ ಮೇಲೆ ಬಿದ್ದೆ.

ಅದಕ್ಕೆ ಒಂದು ವಾರ ಮೊದಲು ಗೆಳತಿಯೊಬ್ಬಳು ಬಳಸಿ ಬಿಟ್ಟಿದ್ದ ಒಂದು ಜೊತೆ ಶೂ, ಅದಕ್ಕೆ ಹೊಂದುವ ಒಂದು ಜೊತೆ ಪೆಡಲ್ ಕೊಂಡಿದ್ದೆ. ಈ ಶೂಗಳ ಅಡಿಯಲ್ಲಿ ಕ್ಲೀಟ್ ಎಂಬ ಸಣ್ಣ ಲೋಹದ ತುಂಡು ಇರುತ್ತದೆ. ಪೆಡಲಿನ ಮೇಲೆ ಒತ್ತಿ ತುಳಿದರೆ ಟಕ್ಕೆಂದು ಸದ್ದಾಗಿ ಅದು ಒಳಗಿನ ಸ್ಪ್ರಿಂಗಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕಾಲು ಎತ್ತಿದರೂ ಬರುವುದಿಲ್ಲ, ಹಿಂದಕ್ಕೆ ಎಳೆದರೂ ಬರುವುದಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಮಾತ್ರ ಬಿಡುತ್ತದೆ. ಇದೆಲ್ಲ ಗೊತ್ತಿತ್ತು. ಆ ದಿನ ಸಿಗ್ನಲ್ ಹತ್ತಿರವಾದಾಗ ಎಡಗಾಲನ್ನು ಸರಿಯಾಗಿಯೇ ಬಿಡಿಸಿಕೊಂಡಿದ್ದೆ, ಫುಟ್‌ಪಾತ್ ಕಡೆಗೆ ಊರುವುದಕ್ಕೆಂದು. ಆದರೆ ಸೈಕಲ್ಲು ಬಲಕ್ಕೆ ವಾಲಿತು. ಬಲಗಾಲು ಒಳಗೇ ಇತ್ತು. ಅದನ್ನು ಎತ್ತಲು ನೋಡಿದೆ, ಎಳೆಯಲು ನೋಡಿದೆ, ತಿರುಚಬೇಕೆಂಬುದು ಹೊಳೆಯುವ ಹೊತ್ತಿಗೆ ಮೊಣಕೈ ರಸ್ತೆಗೆ ತಗುಲಿತ್ತು. ಹಿಂದಿನಿಂದ ಬರುತ್ತಿದ್ದ ಮೋಟಾರ್ ಬೈಕೊಂದು ಸರ್ರನೆ ಪಕ್ಕಕ್ಕೆ ಹೊರಳಿ ಮುಂದೆ ಹೋಯಿತು. ಅದರ ಚಕ್ರಕ್ಕೂ ನನ್ನ ಹೆಲ್ಮೆಟ್ಟಿಗೂ ನಡುವೆ ಎರಡು ಗೇಣು ಇದ್ದಿರಬಹುದು. ಆ ಎರಡು ಗೇಣು ನೆನಪಾದಾಗಲೆಲ್ಲ ಈಗಲೂ ಹೊಟ್ಟೆಯೊಳಗೆ ಏನೋ ಕುಸಿದಂತಾಗುತ್ತದೆ.

ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಹಿರಿಯರೊಬ್ಬರು ಓಡಿ ಬಂದರು. ಸೈಕಲ್ಲು, ನಾನು ಇಬ್ಬರೂ ಒಟ್ಟಿಗೇ ಏಳಬೇಕಿತ್ತು, ಏಕೆಂದರೆ ಬಲಗಾಲು ಆಗಲೂ ಪೆಡಲಿಗೆ ಕಚ್ಚಿಕೊಂಡೇ ಇತ್ತು. ಅವರು ನನ್ನನ್ನು ಫುಟ್‌ಪಾತಿನ ಮೇಲೆ ಕೂರಿಸಿ, ನೀರು ಕೊಟ್ಟು, ಶೂವಿನ ಅಡಿಭಾಗವನ್ನು ಒಮ್ಮೆ ನೋಡಿದರು.

“ಇದೇನವ್ವಾ, ಎತ್ತಿಗೆ ಹೊಡ್ದಂಗೆ ಲಾಳ ಹೊಡೆಸಿದ್ದೀಯ?”

ನಾನು ನಗಲು ಯತ್ನಿಸಿದೆ. ಅವರು ಮುಂದುವರಿಸಿದರು: “ನಿಂತಿತ್ತಲ್ಲವ್ವಾ ಸೈಕಲ್ಲು. ಕಾಲು ಕೆಳಕ್ಕೆ ಮಡಗಬಾರ್ದಾಗಿತ್ತಾ?”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ನನಗೆ ಮೀಸೆಯೂ ಇರಲಿಲ್ಲ. ಊದಿದ ಅಂಗೈ, ತರಚಿದ ಸೊಂಟ ಹೊತ್ತು ರೂಮಿಗೆ ಬಂದೆ. ಬರೆಯಬೇಕಿದ್ದ ಅಧ್ಯಾಯ ಹತ್ತು ದಿನ ಮುಂದೆ ಹೋಯಿತು. ಆ ಹತ್ತು ದಿನ ಎಡಗೈಯಲ್ಲಿ ಪುಟ ತಿರುವುತ್ತಾ ನಾನು ಓದಿದ್ದು ನನ್ನ ಪ್ರಬಂಧಕ್ಕೆ ಸಂಬಂಧವೇ ಇಲ್ಲದ ಒಂದು ವಿಷಯವನ್ನು. ಸೈಕಲ್ಲಿನ ಮೇಲೆ ಕೂತವರು ಕಾಲನ್ನು ಕೆಳಗಿಡುವ ಸ್ವಾತಂತ್ರ್ಯವನ್ನು ಯಾವಾಗ, ಏಕೆ ಬಿಟ್ಟುಕೊಟ್ಟರು? ಎಳನೀರಿನವರು ಕೇಳಿದ್ದು ಇತಿಹಾಸದ ಪ್ರಶ್ನೆಯನ್ನೇ.

ಮೊದಲಿಗೆ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ. 1817ರ ಜೂನಿನಲ್ಲಿ ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಕಾರ್ಲ್ ಡ್ರೈಸ್ ಎರಡು ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿದ ಮರದ ಯಂತ್ರವೊಂದನ್ನು ಓಡಿಸಿದ. ಅದಕ್ಕೆ ಪೆಡಲ್ ಇರಲಿಲ್ಲ. ಸವಾರ ಕೂತುಕೊಂಡೇ ನೆಲವನ್ನು ಕಾಲಿನಿಂದ ಹಿಂದಕ್ಕೆ ಒದ್ದು ಮುಂದೆ ಸಾಗುತ್ತಿದ್ದ. ಜರ್ಮನ್ ಭಾಷೆಯಲ್ಲಿ ಅದರ ಹೆಸರೇ ‘ಓಡುವ ಯಂತ್ರ’. ಕಾಲು ಅಲ್ಲಿ ಎಂಜಿನ್ನೂ ಹೌದು, ಬ್ರೇಕಿಗೆ ನೆರವೂ ಹೌದು, ಬೀಳದಂತೆ ತಡೆಯುವ ಊರುಗೋಲೂ ಹೌದು. ಈಗ ಮೂರು ವರ್ಷದ ಮಕ್ಕಳಿಗೆ ಕೊಡಿಸುವ ಪೆಡಲಿಲ್ಲದ ಪುಟ್ಟ ಸೈಕಲ್ಲು ಇದೇ ಯಂತ್ರದ ಮರುಹುಟ್ಟು.

ಕಾಲು ನೆಲ ಬಿಟ್ಟಿದ್ದು 1860ರ ದಶಕದಲ್ಲಿ. ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರದ ಅಚ್ಚಿಗೇ ತಿರುಗುಹಿಡಿ ಕೂರಿಸಿ ಪೆಡಲ್ ಜೋಡಿಸಿದರು. ಪಿಯೇರ್ ಮಿಶೋ ಎಂಬ ಕಮ್ಮಾರನ ಅಂಗಡಿಯ ಹೆಸರು ಇದರೊಂದಿಗೆ ಸೇರಿಕೊಂಡಿದೆ. ಇಂಥದೇ ಯಂತ್ರಕ್ಕೆ 1866ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವನು ಪಿಯೇರ್ ಲಾಲ್‌ಮಾಂ. ಮೊದಲು ಯಾರು ಮಾಡಿದರೆಂಬ ಜಗಳ ಇನ್ನೂ ಮುಗಿದಿಲ್ಲ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು. ಪೆಡಲ್ ಬಂದ ಕೂಡಲೇ ಸವಾರಿ ಕಲಿಸುವ ಶಾಲೆಗಳು ಹುಟ್ಟಿಕೊಂಡವು.  ನೆಲ ಬಿಡುವುದನ್ನು ಕಲಿಯಬೇಕಾಯಿತು.

ಪೆಡಲ್ ನೇರವಾಗಿ ಚಕ್ರಕ್ಕೇ ಇದ್ದುದರಿಂದ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ವೇಗ ಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಹಾಗಾಗಿ 1870ರ ದಶಕದಲ್ಲಿ ಮುಂದಿನ ಚಕ್ರ ಬೆಳೆಯುತ್ತಾ ಬೆಳೆಯುತ್ತಾ ಸವಾರನ ಎದೆಯ ಎತ್ತರಕ್ಕೆ ಬಂತು. ಹಳೆಯ ಚಿತ್ರಗಳಲ್ಲಿ ನಾವು ನೋಡುವ, ಮುಂದೆ ಹಿರಿದು ಹಿಂದೆ ಕಿರಿದು ಚಕ್ರದ ಸೈಕಲ್ಲು ಇದು. ಸವಾರ ಕೂರುತ್ತಿದ್ದುದು ಹೆಚ್ಚುಕಡಿಮೆ ಆ ದೊಡ್ಡ ಚಕ್ರದ ನೆತ್ತಿಯ ಮೇಲೆ. ಒಂದು ಕಲ್ಲು ಅಡ್ಡ ಸಿಕ್ಕಿದರೆ ಇಡೀ ಯಂತ್ರ ಮುಂದಿನ ಅಚ್ಚಿನ ಸುತ್ತ ಮಗುಚಿ, ಸವಾರ ತಲೆ ಮುಂದಾಗಿ ನೆಲಕ್ಕೆ ಬೀಳುತ್ತಿದ್ದ. ಇಂಗ್ಲಿಷಿನಲ್ಲಿ ಈ ಬೀಳಾಟಕ್ಕೆ ‘ಹೆಡರ್’ ಎಂಬ ಹೆಸರೇ ಬಿತ್ತು. ಹ್ಯಾಂಡಲ್ ತೊಡೆಗಳಿಗೆ ಅಡ್ಡವಾಗಿ ಇರುತ್ತಿದ್ದುದರಿಂದ ಕಾಲು ಬಿಡಿಸಿಕೊಳ್ಳಲೂ ಆಗುತ್ತಿರಲಿಲ್ಲ. ಅದಕ್ಕೆ ಅನುಭವಿಗಳು ಒಂದು ಉಪಾಯ ಮಾಡಿದ್ದರು: ಇಳಿಜಾರು ಬಂದರೆ ಎರಡೂ ಕಾಲುಗಳನ್ನು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಚಾಚಿಬಿಡುವುದು. ಹಾಗೆ ಮಾಡಿದರೆ ಬಿದ್ದರೂ ತಲೆಯ ಬದಲು ಕಾಲಿನ ಮೇಲೆ ಬೀಳಬಹುದು. ಬೀಳುವುದು ತಪ್ಪದು, ಬೀಳುವ ಬಗೆಯನ್ನಾದರೂ ಆರಿಸಿಕೊಳ್ಳೋಣ ಎಂಬ ಲೆಕ್ಕ.

ಮಾರ್ಕ್ ಟ್ವೈನ್ 1880ರ ದಶಕದಲ್ಲಿ, ನಲವತ್ತೆಂಟರ ಆಸುಪಾಸಿನಲ್ಲಿ, ಹಾರ್ಟ್‌ಫರ್ಡ್ ಊರಿನಲ್ಲಿ ಗುರುವೊಬ್ಬನನ್ನು ಗೊತ್ತುಮಾಡಿಕೊಂಡು ಈ ಸೈಕಲ್ಲನ್ನು ಕಲಿತರು. ಆ ಬೀಳಾಟಗಳ ಬಗ್ಗೆ ಬರೆದ ಹಾಸ್ಯಪ್ರಬಂಧ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ. ಅದೇ ಕಾಲದಲ್ಲಿ ಥಾಮಸ್ ಸ್ಟೀವನ್ಸ್ ಇಂಥ ಸೈಕಲ್ಲಿನಲ್ಲೇ ಲೋಕ ಸುತ್ತಲು ಹೊರಟ. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟವನು 1886ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ತುಳಿದುಕೊಂಡು ಬಂದ. ದಾರಿಬದಿಯ ಜನ ಅವನನ್ನು ಕತ್ತೆತ್ತಿ ನೋಡಿರಬೇಕು. ಅಷ್ಟು ಎತ್ತರದಲ್ಲಿ ಕೂತವನಿಗೆ ಕಾಲು ಕೆಳಗಿಡುವ ಮಾತೇ ಇರಲಿಲ್ಲ.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ರೋವರ್ ಸೈಕಲ್ಲಿನಲ್ಲಿ ಚಕ್ರಗಳು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬಂದವು. ಪೆಡಲ್ ನಡುವಿಗೆ ಬಂದು ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸತೊಡಗಿತು. ಪೆಡಲಿನ ಹಲ್ಲುಚಕ್ರ ದೊಡ್ಡದು, ಹಿಂದಿನದು ಚಿಕ್ಕದು ಇದ್ದರೆ ಸಾಕು, ಸಣ್ಣ ಚಕ್ರದಲ್ಲೂ ವೇಗ ಸಿಗುತ್ತದೆ. ಈ ಮಾದರಿಗೆ ಬಿದ್ದ ಹೆಸರು ‘ಸೇಫ್ಟಿ’. ಅದರಲ್ಲಿನ ಸುರಕ್ಷತೆ ಏನೆಂದರೆ ಕಾಲು ಮತ್ತೆ ನೆಲಕ್ಕೆ ಎಟುಕುತ್ತಿತ್ತು, ಅಷ್ಟೇ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ ಮೇಲೆ ಕುಲುಕಾಟವೂ ಕಡಿಮೆಯಾಯಿತು. ಎತ್ತರದ ಸೈಕಲ್ಲು ಬಹುಮಟ್ಟಿಗೆ ಧೈರ್ಯದ ಗಂಡಸರ ಆಟವಾಗಿತ್ತು. ಸೇಫ್ಟಿ ಬಂದ ಮೇಲೆ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ಸೈಕಲ್ ಹತ್ತಿದರು. ಅಮೆರಿಕದ ಪಾನನಿರೋಧ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ಐವತ್ಮೂರನೇ ವಯಸ್ಸಿನಲ್ಲಿ ಕಲಿತು, ಆ ಕಲಿಕೆಯ ಬಗ್ಗೆಯೇ 1895ರಲ್ಲಿ ಪುಸ್ತಕ ಪ್ರಕಟಿಸಿದರು.

ಇಲ್ಲಿಗೆ ಕತೆ ಮುಗಿಯಬಹುದಿತ್ತು. ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ನಾನು ಕಲಿತದ್ದೂ ಇದೇ ಸೇಫ್ಟಿಯ ವಂಶದ್ದು. ಸೀಟಿಗೆ ಎಟುಕದ ವಯಸ್ಸು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದೆ. ಹಿಂದಿನ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದ ಅಪ್ಪ ಕೂಗುತ್ತಿದ್ದುದು ಒಂದೇ ಮಾತು: “ಕಾಲೂರು, ಕಾಲೂರು!” ವಾಲಿತೆಂದರೆ ಕಾಲು ಊರಬೇಕು. ಯೋಚಿಸದೆ ಊರಬೇಕು. ಆ ಪಾಠ ಮೈಗೆ ಎಷ್ಟು ಇಳಿದಿತ್ತೆಂದರೆ ಇಪ್ಪತ್ತು ವರ್ಷ ಅದನ್ನು ಒಂದು ಪಾಠವೆಂದು ನಾನು ನೆನೆಸಿಕೊಂಡೇ ಇರಲಿಲ್ಲ.

ಆದರೆ ಪಂದ್ಯದ ಸವಾರರಿಗೆ ಬೇರೆ ತೊಂದರೆ ಇತ್ತು. ಅವರ ಸೈಕಲ್ಲುಗಳಲ್ಲಿ ಪೆಡಲ್ ತಿರುಗುವುದನ್ನು ನಿಲ್ಲಿಸುವಂತಿರಲಿಲ್ಲ; ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಿತ್ತು. ವೇಗದಲ್ಲಿ ಕಾಲು ಜಾರಿದರೆ ತಿರುಗುವ ಪೆಡಲ್ ಮೊಣಕಾಲಿನ ಕೆಳಗಿನ ಮೂಳೆಗೆ ಬಡಿಯುತ್ತದೆ, ಸಮತೋಲವೂ ತಪ್ಪುತ್ತದೆ. ಅದಕ್ಕೆ ಪೆಡಲಿನ ಮುಂದೆ ಕಬ್ಬಿಣದ ಪಂಜರದಂಥ ಕ್ಲಿಪ್ಪು ಕೂರಿಸಿದರು, ಶೂವಿನ ತುದಿ ಅದರೊಳಗೆ ಹೋಗುವಂತೆ. ಸಾಲದೆಂದು ಚರ್ಮದ ಪಟ್ಟಿ ಸುತ್ತಿ ಬಕಲ್ ಹಾಕಿದರು. 1903ರಲ್ಲಿ ಟೂರ್ ಡಿ ಫ್ರಾನ್ಸ್ ಶುರುವಾಗುವ ಹೊತ್ತಿಗಾಗಲೇ ಇದು ಬಳಕೆಯಲ್ಲಿತ್ತು. ಮುಂದಿನ ಎಂಬತ್ತು ವರ್ಷ ಪಂದ್ಯಗಳಲ್ಲಿ ನಡೆದದ್ದು ಇದೇ. ಆಮೇಲೆ ಶೂವಿನ ಅಡಿಗೆ ಸೀಳಿರುವ ತುಂಡೊಂದನ್ನು ಹೊಡೆದು, ಅದು ಪೆಡಲಿನ ಅಂಚನ್ನು ಕಚ್ಚುವಂತೆ ಮಾಡಿದರು. ಪಟ್ಟಿ ಬಿಗಿದರೆ ಕಾಲು ಅಲುಗಾಡದು. ಬಿಡಿಸಿಕೊಳ್ಳಬೇಕೆಂದರೆ ಬಗ್ಗಿ, ಕೈಯಿಂದ ಬಕಲ್ ಸಡಿಲಿಸಿ, ಕಾಲನ್ನು ಹಿಂದಕ್ಕೆ ಎಳೆಯಬೇಕು. ಹಠಾತ್ತನೆ ಬಿದ್ದವನಿಗೆ ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿ?

ಈ ಪಟ್ಟಿಯ ಕಾಟ ತಪ್ಪಿಸಲು ಯಾರೂ ಯೋಚಿಸಿರಲಿಲ್ಲ ಎಂದಲ್ಲ. 1895ರಲ್ಲೇ ಅಮೆರಿಕದ ರೋಡ್ ಐಲೆಂಡಿನ ಚಾರ್ಲ್ಸ್ ಹ್ಯಾನ್ಸನ್ ಎಂಬಾತ ಪಾದ ತಿರುಚಿದರೆ ಸಿಕ್ಕಿಕೊಂಡು, ತಿರುಚಿದರೆ ಬಿಡುವ ಪೆಡಲ್ ರೂಪಿಸಿದ್ದ. ಅದು ಬಳಕೆಗೆ ಬರಲಿಲ್ಲ. ಇಟಲಿಯ ಚೀನೊ ಚಿನೆಲ್ಲಿ 1943ರ ಮಿಲಾನ್–ಸ್ಯಾನ್ ರೆಮೊ ಪಂದ್ಯ ಗೆದ್ದಿದ್ದ ಸವಾರ, ನಿವೃತ್ತಿಯ ಬಳಿಕ ಸೈಕಲ್ ಭಾಗಗಳನ್ನು ತಯಾರಿಸುತ್ತಿದ್ದವನು. 1970ರ ದಶಕದ ಆರಂಭದಲ್ಲಿ ಅವನ ಕಂಪನಿ ಎಂ71 ಎಂಬ ಪೆಡಲ್ ಹೊರತಂದಿತು. ಪಟ್ಟಿಯಿಲ್ಲ, ಪಂಜರವಿಲ್ಲ, ಕ್ಲೀಟ್ ಪೆಡಲಿನೊಳಗೆ ಜಾರಿ ಕೂರುತ್ತಿತ್ತು. ಆದರೆ ಹೊರಬರಲು ಬಗ್ಗಿ ಪೆಡಲಿನಲ್ಲಿದ್ದ ಸನ್ನೆಯನ್ನು ಕೈಯಿಂದ ಸರಿಸಬೇಕಿತ್ತು. ಸವಾರರು ಅದಕ್ಕೆ ‘ಸಾವಿನ ಪೆಡಲ್’ ಎಂಬರ್ಥದ ಅಡ್ಡಹೆಸರಿಟ್ಟರು. ಹಿಡಿಯುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿತ್ತು, ಬಿಡುವ ಕೆಲಸದಲ್ಲಿ ಸೋತಿತು.

ಇಲ್ಲಿ ಕತೆ ಸೈಕಲ್ಲನ್ನು ಬಿಟ್ಟು ಹಿಮದ ಬೆಟ್ಟ ಹತ್ತುತ್ತದೆ. ಸ್ಕೀಯಿಂಗ್ ಮಾಡುವವರ ಬೂಟುಗಳನ್ನು ಉದ್ದನೆಯ ಹಲಗೆಗೆ ಬಿಗಿಯುತ್ತಿದ್ದರು. ಬಿದ್ದಾಗ ಹಲಗೆ ಒಂದು ಕಡೆ ತಿರುಗಿದರೆ ಕಾಲೂ ಅದರೊಂದಿಗೆ ತಿರುಗಿ ಮುರಿಯುತ್ತಿತ್ತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಓರೆಗಾನಿನಲ್ಲಿ ನೆಲೆಸಿದ್ದ ಹ್ಯಾಲ್ಮರ್ ಹ್ವಾಮ್ 1937ರಲ್ಲಿ ಹೀಗೆಯೇ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ. ಅಲ್ಲಿ ಮಲಗಿದ್ದಾಗಲೇ, ಮಿತಿ ಮೀರಿ ತಿರುಚಿದರೆ ತಾನಾಗಿ ಬೂಟನ್ನು ಬಿಟ್ಟುಬಿಡುವ ಬಂಧವೊಂದು ಅವನಿಗೆ ಹೊಳೆಯಿತು. 1939ರಲ್ಲಿ ಪೇಟೆಂಟ್ ಸಿಕ್ಕಿತು. ಹಿಡಿದುಕೊಳ್ಳುವ ಸಾಧನ ಎಲ್ಲಿಯವರೆಗೆ ಹಿಡಿಯಬೇಕು, ಯಾವಾಗ ಬಿಡಬೇಕು? ಈ ಪ್ರಶ್ನೆಗೆ ಸ್ಕೀಯಿಂಗಿನವರು ಅಂದಿನಿಂದ ತಲೆ ಕೆಡಿಸಿಕೊಂಡರು. ಅವರಲ್ಲಿ ಫ್ರಾನ್ಸಿನ ನೆವೇರ್ ಊರಿನ ಲುಕ್ ಕಂಪನಿಯೂ ಒಂದು. ಅದನ್ನು ಕಟ್ಟಿದವನು ಜಾನ್ ಬೇಯ್ಲ್.

1983ರಲ್ಲಿ ಬರ್ನಾರ್ ತಾಪಿ ಎಂಬ ಉದ್ಯಮಿ ಲುಕ್ ಕಂಪನಿಯನ್ನು ಕೊಂಡ. ಮರುವರ್ಷ ಲಾ ವೀ ಕ್ಲೇರ್ ಎಂಬ ಸೈಕಲ್ ತಂಡ ಕಟ್ಟಿ, ಆಗಷ್ಟೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಬರ್ನಾರ್ ಇನೋನನ್ನು ಅದರ ನಾಯಕನನ್ನಾಗಿ ಮಾಡಿದ. ಸ್ಕೀ ಬಂಧದ ತಿಳಿವಳಿಕೆ, ಪಂದ್ಯದ ಸವಾರ ಎರಡೂ ಒಂದೇ ಮನೆಯೊಳಗೆ ಬಂದವು. 1984ರಲ್ಲಿ ಲುಕ್ ಪೆಡಲ್ ಬಂತು. 1985ರಲ್ಲಿ ಇನೋ ಅದರ ಮೇಲೆಯೇ ತನ್ನ ಐದನೇ ಟೂರ್ ಡಿ ಫ್ರಾನ್ಸ್ ಗೆದ್ದ. ಆ ಟೂರಿನ ನಡುವೆ ಸೇಂಟ್ ಎಟಿಯೆನ್ನಿನಲ್ಲಿ ಬಿದ್ದು ಮೂಗು ಮುರಿದುಕೊಂಡಿದ್ದ ಎಂಬುದನ್ನೂ ಹೇಳಬೇಕು. ಯಾವ ಪೆಡಲೂ ಎಲ್ಲ ಬೀಳಾಟವನ್ನು ತಪ್ಪಿಸುವುದಿಲ್ಲ. ಕೆಲವೇ ವರ್ಷಗಳಲ್ಲಿ ಪಂದ್ಯಗಳಿಂದ ಚರ್ಮದ ಪಟ್ಟಿ ಮಾಯವಾಯಿತು. 1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಶೂವಿನ ತಳದೊಳಗೆ ಹುದುಗಿ ಕೂರುವ ಸಣ್ಣ ಕ್ಲೀಟ್ ತಂದಿತು. ಸೈಕಲ್ಲಿನಿಂದ ಇಳಿದು ನಡೆಯಲೂ ಬಹುದಾದ ಶೂ ಅದು. ನಾನು ಕೊಂಡದ್ದು ಈ ಬಗೆಯದು. ಎಳನೀರಿನವರು ಲಾಳ ಎಂದದ್ದು ಇದನ್ನೇ.

ಇದರ ಹೆಸರಿನಲ್ಲೊಂದು ತಮಾಷೆಯಿದೆ. ಇದನ್ನು ‘ಕ್ಲಿಪ್‌ಲೆಸ್’ ಪೆಡಲ್ ಎನ್ನುತ್ತಾರೆ, ಅಂದರೆ ಕ್ಲಿಪ್ಪಿಲ್ಲದ್ದು. ಇಲ್ಲದಿರುವ ಆ ಕ್ಲಿಪ್ಪು ಹಳೆಯ ಕಬ್ಬಿಣದ ಪಂಜರ. ಆದರೆ ಸವಾರರೆಲ್ಲ ಕಾಲು ಸಿಕ್ಕಿಸುವುದನ್ನು ‘ಕ್ಲಿಪ್ ಇನ್’ ಎಂದೇ ಕರೆಯುತ್ತಾರೆ. ಕ್ಲಿಪ್ಪಿಲ್ಲದ್ದರೊಳಗೆ ಕ್ಲಿಪ್ಪಾಗುವುದು! ಹಳೆಯ ವಸ್ತು ಹೋದರೂ ಅದರ ನೆನಪು ಪದದಲ್ಲಿ ಉಳಿದಿದೆ.

ಹಾಗಾದರೆ ಇಷ್ಟು ಯೋಚಿಸಿ ಮಾಡಿದ ಪೆಡಲಿನ ಮೇಲೂ ಹೊಸಬರು ಏಕೆ ಬೀಳುತ್ತಾರೆ? ಉತ್ತರ ಅದರ ಜಾಣತನದೊಳಗೇ ಇದೆ. ಪೆಡಲ್ ತುಳಿಯುವಾಗ ಪಾದ ಕೆಳಕ್ಕೆ, ಹಿಂದಕ್ಕೆ, ಮೇಲಕ್ಕೆ, ಮುಂದಕ್ಕೆ ಚಲಿಸುತ್ತದೆ. ಈ ಯಾವ ದಿಕ್ಕಿನಲ್ಲಿ ಬಿಟ್ಟರೂ ತುಳಿಯುವಾಗಲೇ ಕಾಲು ಕಳಚಿಹೋಗುತ್ತದೆ. ಆದ್ದರಿಂದ ತುಳಿತಕ್ಕೆ ಬೇಡವೇ ಬೇಡದ ಒಂದು ಚಲನೆಯನ್ನು ಬಾಗಿಲಾಗಿ ಆರಿಸಿಕೊಂಡರು: ಹಿಮ್ಮಡಿಯ ಹೊರತಿರುಚು. ತುಳಿತಕ್ಕೆ ಬೇಡದ್ದು ಅಭ್ಯಾಸದಲ್ಲೂ ಇರುವುದಿಲ್ಲ. ವಾಲಿದ ಕ್ಷಣ ಮೈ ಹಳೆಯ ಪಾಠವನ್ನೇ ಒಪ್ಪಿಸುತ್ತದೆ: ಎತ್ತು, ಎಳೆ, ಊರು. ಪೆಡಲ್ ಹಿಡಿದುಕೊಳ್ಳಲೆಂದೇ ಇರುವುದು ಸರಿಯಾಗಿ ಆ ದಿಕ್ಕುಗಳಲ್ಲಿ. ಇಪ್ಪತ್ತು ವರ್ಷ ನನ್ನನ್ನು ಕಾಪಾಡಿದ “ಕಾಲೂರು” ಆ ಬೆಳಿಗ್ಗೆ ನನ್ನನ್ನು ಕೆಡವಿತು.

ಅದೂ ನಿಂತ ಮೇಲೆಯೇ ಏಕೆ ಎಂಬುದಕ್ಕೆ ಸೈಕಲ್ಲಿನ ಭೌತಶಾಸ್ತ್ರ ಉತ್ತರ ಹೇಳುತ್ತದೆ. ತಿರುಗುವ ಚಕ್ರ ಬುಗುರಿಯಂತೆ ಸೈಕಲ್ಲನ್ನು ನಿಲ್ಲಿಸುತ್ತದೆ ಎಂದು ಬಹಳ ಕಾಲ ನಂಬಿದ್ದರು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಎದುರು ದಿಕ್ಕಿಗೆ ತಿರುಗುವ ಚಕ್ರವೊಂದನ್ನು ಜೋಡಿಸಿ ಆ ಪರಿಣಾಮವನ್ನು ಅಳಿಸಿ ನೋಡಿದ. ಸೈಕಲ್ಲನ್ನು ಆಗಲೂ ಓಡಿಸಬಹುದಾಗಿತ್ತು. 2011ರಲ್ಲಿ ಡಚ್ ಮತ್ತು ಅಮೆರಿಕನ್ ಸಂಶೋಧಕರ ತಂಡವೊಂದು ಆ ಪರಿಣಾಮವೂ ಇಲ್ಲದ, ಮುಂಚಕ್ರದ ಕ್ಯಾಸ್ಟರ್ ಪರಿಣಾಮದ ನೆರವೂ ಇಲ್ಲದ ಯಂತ್ರವೊಂದು ತಾನಾಗಿ ಸಮತೋಲ ಕಾಯುವುದನ್ನು ತೋರಿಸಿತು. ಒಟ್ಟಿನಲ್ಲಿ ಮುಖ್ಯವಾದದ್ದು ಇಷ್ಟು: ಸೈಕಲ್ಲು ಯಾವ ಕಡೆ ವಾಲುತ್ತದೋ ಮುಂದಿನ ಚಕ್ರ ಆ ಕಡೆಗೆ ತಿರುಗಿ, ಬೀಳುತ್ತಿರುವ ಭಾರದ ಕೆಳಗೆ ತನ್ನನ್ನು ತಂದುಕೊಳ್ಳುತ್ತದೆ. ಅದಕ್ಕೆ ಚಲನೆ ಬೇಕು. ವೇಗ ಸೊನ್ನೆಯಾದರೆ ಹ್ಯಾಂಡಲ್ ತಿರುಗಿಸಿ ಬಹುತೇಕ ಏನೂ ಆಗದು. ಆಗ ಉಳಿಯುವುದು ಕಾಲು ಒಂದೇ.

ಇಷ್ಟು ಪಾಡು ಪಟ್ಟಿದ್ದಕ್ಕೆ ಲಾಭವಾದರೂ ಎಷ್ಟು? ತುಳಿಯುವಾಗ ಮೇಲಕ್ಕೂ ಎಳೆದು ಬಲ ಪಡೆಯಬಹುದು ಎಂಬುದು ಈ ಪೆಡಲಿನ ಬಗ್ಗೆ ಎಲ್ಲರೂ ಹೇಳುವ ಮಾತು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸವಾರರಿಗೆ ಬೇಕೆಂದೇ ಮೇಲಕ್ಕೆ ಎಳೆಯುತ್ತಾ ತುಳಿಯಲು ಹೇಳಿ ಅಳೆದರು. ಬಲ ಪೆಡಲಿನ ಮೇಲೆ ಹೆಚ್ಚು ಸಮನಾಗಿ ಹಂಚಿಹೋಯಿತು ನಿಜ, ಆದರೆ ದೇಹ ವ್ಯಯಿಸಿದ ಶಕ್ತಿಯ ಲೆಕ್ಕದಲ್ಲಿ ಅದೇ ಹೆಚ್ಚು ದುಬಾರಿಯಾಯಿತು. ಹಾಗಾಗಿ ದಿನವೂ ವಿಭಾಗಕ್ಕೆ ಹೋಗಿ ಬರುವವರಿಗೆ ಇದು ಬೇಕೇ ಎಂದು ಕೇಳಿದರೆ, ಬೇಡವೆನ್ನುತ್ತೇನೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಸೀಟಿನಿಂದ ಎದ್ದು ತುಳಿಯುವಾಗ, ಮಳೆಯಲ್ಲಿ ಇಳಿಯುವಾಗ ಪಾದ ಜಾರದೆ ಒಂದೇ ಜಾಗದಲ್ಲಿ ಇರುತ್ತದಲ್ಲ, ಆ ನೆಮ್ಮದಿ ಮಾತ್ರ ನಿಜ. ನಾನು ಅದನ್ನು ಬಿಡದಿರಲು ಅದೊಂದೇ ಕಾರಣ.

ಅಂಗೈ ವಾಸಿಯಾದ ಮೇಲೆ ಮಾನಸಗಂಗೋತ್ರಿಯ ಹುಲ್ಲಿನ ಮೈದಾನದಲ್ಲಿ ಮೊದಲಿನಿಂದ ಶುರು ಮಾಡಿದೆ. ಒಂದು ಕಾಲು ಮಾತ್ರ ಸಿಕ್ಕಿಸಿ, ಬಿಡಿಸಿ, ಸಿಕ್ಕಿಸಿ, ಬಿಡಿಸಿ. ದಿನಕ್ಕೆ ಐವತ್ತು ಸಲ. ನಂತರ ಇನ್ನೊಂದು ಕಾಲು. ಸ್ಪ್ರಿಂಗಿನ ಬಿಗಿತವನ್ನು ಸಣ್ಣ ಸ್ಕ್ರೂ ತಿರುಗಿಸಿ ಕಡಿಮೆ ಮಾಡಬಹುದೆಂಬುದು ಆಗ ತಿಳಿಯಿತು. ಮುಖ್ಯವಾಗಿ ಎರಡು ವಿಷಯ ಕಲಿತೆ. ನಿಲ್ಲುವ ಹತ್ತು ಮಾರು ಮೊದಲೇ, ಸೈಕಲ್ಲು ಇನ್ನೂ ಓಡುತ್ತಿರುವಾಗಲೇ, ಕಾಲು ಬಿಡಿಸಿಕೊಂಡಿರಬೇಕು. ಎಡಗಾಲು ಊರಬೇಕೆಂದರೆ ನಿಲ್ಲುವ ಕ್ಷಣದಲ್ಲಿ ಹ್ಯಾಂಡಲನ್ನು ಒಂದಿಷ್ಟು ಬಲಕ್ಕೆ ತಿರುಗಿಸಬೇಕು. ಚಕ್ರ ಮೈಯ ಕೆಳಗಿನಿಂದ ಬಲಕ್ಕೆ ಸರಿದು, ಭಾರ ತಾನಾಗಿ ಎಡಕ್ಕೆ, ಫುಟ್‌ಪಾತಿನ ಕಡೆಗೆ ಬರುತ್ತದೆ. ಆ ದಿನ ಇದು ಗೊತ್ತಿದ್ದರೆ ಮೋಟಾರ್ ಬೈಕಿನವನಿಗೆ ಹೊರಳುವ ಕೆಲಸ ಇರುತ್ತಿರಲಿಲ್ಲ.

ಮೊನ್ನೆ ಅದೇ ಸಿಗ್ನಲ್ಲಿಗೆ ಹೋದೆ. ಕೆಂಪು ದೀಪ. ಎಡ ಹಿಮ್ಮಡಿಯನ್ನು ಹೊರಕ್ಕೆ ತಿರುಚಿದೆ, ಹ್ಯಾಂಡಲ್ ಬಲಕ್ಕೆ ಒಂಚೂರು, ಕಾಲು ಫುಟ್‌ಪಾತಿನ ಅಂಚಿಗೆ. ಎಳನೀರಿನವರು ಗುರುತು ಹಿಡಿದರು. ನಾನು ಇಳಿದು ಒಂದು ಗಂಜಿ ಎಳನೀರು ಕೊಚ್ಚಲು ಹೇಳಿ, ಆವತ್ತಿನ ಪ್ರಶ್ನೆಗೆ ಉತ್ತರವೆಂಬಂತೆ ಶೂ ತೋರಿಸಿ, ತುಳಿದು, ಬಿಡಿಸಿ ತೋರಿಸಿದೆ. ಅವರು ಮಚ್ಚು ಕೈಯಲ್ಲಿ ಹಿಡಿದೇ ಬಗ್ಗಿ ಎರಡು ಸಲ ನೋಡಿದರು.

“ಸಿಕ್ಕಾಕ್ಕಳಾದು ಸುಲಭವಾಗೇ ಅದೆ ಕಣವ್ವ,” ಎಂದರು. “ಬುಡುಸ್ಕಳಾದ್ನೇ ಮೊದ್ಲು ಕಲೀಬೇಕಾಗಿತ್ತು ನೀನು.”